ಎಂಟನೇ ಮಹಡಿಯ ಹೆಪ್ಪು

ನಮ್ಮ ಲಿಫ್ಟು ನಾಣ್ಯ ಹಾಕದೆ ಮೇಲೇಳುವುದಿಲ್ಲ.
ರುಸ್ತಾವಿಯ ಈ ಹಳೆಯ ಕಟ್ಟಡದಲ್ಲಿ ಏರುವುದಕ್ಕೆ ಸುಂಕ,
ಇಳಿಯುವುದು ಪುಕ್ಕಟೆ.
ಫೆಬ್ರವರಿಯಿಂದ ನಾನು ಇಳಿಯುತ್ತಲೇ ಇದ್ದೆ,
ಮನೆಯಿಂದ ಹೊರಗೆ ಕಾಲಿಡದೆ.

ತ್ಸಿಯಾಲಾ ಇಟಲಿಗೆ ಹೋದಳು, ನೇಪಲ್ಸಿನಲ್ಲಿ
ಯಾರದೋ ತಾಯಿಯನ್ನು ಮೀಯಿಸುವುದಕ್ಕೆ.
ಕಾರ್ಖಾನೆಯ ಎರಡನೇ ಕುಲುಮೆ ಆರಿತು,
ಅದರ ಜೊತೆಗೆ ನನ್ನ ಪಾಳಿಯೂ.
ಪಾಳಿ ಇಲ್ಲದವನಿಗೆ ಬುಧವಾರ ಯಾವುದು?
ಗ್ಯಾಸಿನ ಬಿಲ್ಲು, ನೀರಿನ ಬಿಲ್ಲು, ಬ್ಯಾಂಕಿನ ನೀಲಿ ಲಕೋಟೆ
ಎಲ್ಲವನ್ನೂ ಬ್ರೆಡ್ಡಿನ ಬುಟ್ಟಿಗೆ ಹಾಕಿ ಬಟ್ಟೆ ಮುಚ್ಚಿದೆ,
ನೊಣ ಕೂರದಿರಲಿ ಎಂಬಂತೆ.
ತೊಳೆಯದ ತಟ್ಟೆಗಳು ಒಂದರ ಮೇಲೊಂದು.
ಯಾವುದರಿಂದ ಶುರು ಮಾಡಲಿ ಎಂದು ನೋಡುತ್ತಾ ನಿಂತರೆ
ಕತ್ತಲಾಗುತ್ತಿತ್ತು.
ಹೆಪ್ಪುಗಟ್ಟಿದ್ದೆ ಎಂದರೆ ಸರಿಯಾದೀತು;
ಆ ಮಾತಿಗೆ ಇನ್ನೊಂದು ಅರ್ಥವೂ ಉಂಟೆಂದು
ಆಗ ನೆನಪಿರಲಿಲ್ಲ.

ಮೂರನೇ ಮಹಡಿಯ ಜುಜುನಾ ಬಾಗಿಲು ತಟ್ಟಿದಳು.
ತಟ್ಟಿದಳು ಎನ್ನಬಾರದು, ಒದ್ದಳು; ಎರಡೂ ಕೈಯಲ್ಲಿ ಜಾಡಿ.
"ತಂಗಿಯ ಮನೆಗೆ ಹೊರಟಿದ್ದೇನೆ, ಬತೂಮಿಗೆ, ಹದಿನೈದು ದಿನ.
ಇದು ನಮ್ಮತ್ತೆಯ ಕಾಲದ ಹೆಪ್ಪು. ದಿನಾ ಹಾಲು ಕೇಳುತ್ತದೆ.
ಸಾಯಿಸಿದೆಯೋ, ನೋಡು ಮತ್ತೆ."
ಹೇಗಿದ್ದೀಯ ಎಂದು ಕೇಳಲಿಲ್ಲ.
ಕೇಳಿದ್ದರೆ ಬಾಗಿಲು ಹಾಕಿಬಿಡುತ್ತಿದ್ದೆ.

ಹಾಲಿನ ನಾನೂಲಿ ಏಳಕ್ಕೆ ಅಂಗಳದಲ್ಲಿ ಕೂಗುತ್ತಾಳೆ,
ಒಂದೇ ಸಲ. ಕೇಳದವರಿಗೆ ಹಾಲಿಲ್ಲ.
ಹಾಗಾಗಿ ಏಳಬೇಕು. ಏಳಬೇಕಾದರೆ
ಪ್ಯಾಂಟು ಹುಡುಕಬೇಕು. ಹಿಂತಿರುಗಲು ಲಿಫ್ಟಿಗೊಂದು ನಾಣ್ಯ.
ಹಾಲು ಕಾಸಲು ಒಂದು ಪಾತ್ರೆ,
ಒಂದೇ ಒಂದು, ತೊಳೆದಿರಬೇಕು.
ಉಳಿದವು ಹಾಗೇ ಬಿದ್ದಿರಲಿ, ಯಾರು ಕೇಳುತ್ತಾರೆ.
ಕಾಸಿ, ಆರಲು ಬಿಟ್ಟು, ಕಿರುಬೆರಳು ಅದ್ದಿ
ಹತ್ತು ಎಣಿಸಬೇಕು. ಚುರುಕ್ಕೆಂದರೆ ಇನ್ನೂ ಕಾಯಬೇಕು.
ಕೆಂಡದಂಥ ಉಕ್ಕು ಹರಿಯುವುದನ್ನು ಇಪ್ಪತ್ತಾರು ವರ್ಷ
ಕಪ್ಪು ಕನ್ನಡಕದ ಹಿಂದಿನಿಂದ ನೋಡಿದವನು ನಾನು;
ಉಗುರುಬೆಚ್ಚಗೆ ಎಂದರೇನೆಂದು
ಐವತ್ತೊಂದರಲ್ಲಿ ಕಲಿತೆ.

ಜಾಡಿಯನ್ನು ಸುತ್ತಿಡಲು ಬೆಚ್ಚನೆಯದೇನಾದರೂ ಬೇಕಿತ್ತು.
ಗೂಟದಲ್ಲಿ ತ್ಸಿಯಾಲಾಳ ಕಂದು ಕೋಟು.
ಅಲ್ಲಿ ಚಳಿಯಿಲ್ಲವೆಂದು ಬಿಟ್ಟುಹೋಗಿದ್ದಳು.
ಸುತ್ತಿಟ್ಟ ಮೇಲೆ ಮಾಡುವುದೇನೂ ಇಲ್ಲ, ಅಲುಗದಿದ್ದರಾಯಿತು.
ಅದು ನನಗೆ ಚೆನ್ನಾಗಿ ಬರುತ್ತಿದ್ದ ಕೆಲಸ.

ಆರನೆಯ ದಿನ ಏಳಲಿಲ್ಲ.
ನಾನೂಲಿ ಕೂಗಿದ್ದು ಕೇಳಿಸಿತು, ಗೋಡೆಗೆ ತಿರುಗಿದೆ.
ಏಳನೆಯ ದಿನವೂ.
ಜಾಡಿಯಲ್ಲಿ ಹಳದಿ ನೀರು ಮೇಲೆದ್ದು
ಹುಳಿ ವಾಸನೆ ಅಡುಗೆಮನೆ ದಾಟಿ ಬಂದು
ಹಾಸಿಗೆಯಲ್ಲಿ ನನ್ನನ್ನು ಹುಡುಕಿತು.
ಸತ್ತಿತು ಎಂದು ಹೇಳಲು ಬತೂಮಿಗೆ ಫೋನು ಮಾಡಿದೆ.
"ಮೇಲಿನದನ್ನು ಚೆಲ್ಲು," ಎಂದಳು ಜುಜುನಾ,
"ತಳದಲ್ಲಿ ಒಂದು ಚಮಚ ಬದುಕಿರುತ್ತದೆ.
ಇಲ್ಲದಿದ್ದರೆ ಐದನೇ ಮಹಡಿಯ ಗಿವಿಯನ್ನು ಕೇಳು, ಅವನ ಮನೆಯದೂ ಇದೇ."
ಅವಳ ಹಿಂದೆ ಸಮುದ್ರವೋ ಟೀವಿಯೋ ಮೊರೆಯುತ್ತಿತ್ತು.

ತಳದಲ್ಲಿತ್ತು.

ಜುಜುನಾ ಬಂದಾಯಿತು, ತನ್ನ ಜಾಡಿ ಒಯ್ದದ್ದೂ ಆಯಿತು.
ಒಂದು ಚಮಚ ಉಳಿಸಿಕೊಂಡೆ.
ಇಂದು ಬುಧವಾರ ಎಂದು ಗೊತ್ತು: ಬುಧವಾರ
ನಾನೂಲಿಯ ಬದಲು ಅವಳ ಮಗ ಬರುತ್ತಾನೆ,
ಚಿಲ್ಲರೆ ಸರಿಯಾಗಿ ಕೊಡುವುದಿಲ್ಲ.
ಹಾಲು ಆರುವ ತನಕ ಸುಮ್ಮನೆ ನಿಲ್ಲಲಾಗದೆ
ನಾಲ್ಕು ತಟ್ಟೆ ತೊಳೆದೆ.
ನಿನ್ನೆ ಬುಟ್ಟಿಯಿಂದ ಒಂದು ಲಕೋಟೆ ತೆಗೆದು ಒಡೆದೆ,
ನೀರಿನದು, ಸಣ್ಣ ಮೊತ್ತ.
ನೀಲಿಯದು ಬಟ್ಟೆಯ ಕೆಳಗೇ ಇದೆ. ಇರಲಿ.

ಭಾನುವಾರ ತ್ಸಿಯಾಲಾ ವಿಡಿಯೋದಲ್ಲಿ ಬಂದಳು.
ಮುದುಕಿ ರಾತ್ರಿಯಿಡೀ ಮಲಗುವುದಿಲ್ಲವಂತೆ, ಇವಳ ಕಣ್ಣ ಕೆಳಗೆ ಕಪ್ಪು.
ಮೇಜಿನ ಮೇಲೆ ಏನದು, ನನ್ನ ಕೋಟಿನೊಳಗೆ ಯಾರು, ಎಂದಳು.
ಹೇಳಿದೆ.
ಬಹಳ ಹೊತ್ತು ಮಾತಿಲ್ಲ; ಸಿಗ್ನಲ್ ಹೋಯಿತೇನೋ ಎಂದುಕೊಂಡೆ.
ಆಮೇಲೆ, "ಮುಚ್ಚಳ ಬಿಗಿಯಾಗಿ ಹಾಕಬೇಡ," ಎಂದಳು,
"ಮತ್ತೆ ಆ ತೋಳುಗಳನ್ನು ಒಳಗೆ ಮಡಚು,
ಗಾಳಿ ನುಗ್ಗುತ್ತದೆ."